ಗೇರ್ ಬೀಳ್ತಿಲ್ವಾ? ಇಂಜಿನ್ ಇಳಿಸೋ ಮೊದಲು ಲಿಂಕೇಜ್ ನೋಡಿ

ಹೋದ ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಮುನ್ನ ಒಂದು ಟೀ ಅಂಗಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಹಳೆಯ ಬೈಕೊಂದಿತ್ತು. ಗೇರ್ ಲಿವರ್ ಇರಬೇಕಾದ ಕಡೆ, ಇಂಜಿನ್ನಿನಿಂದ ಹೊರಬರುವ ಶಾಫ್ಟಿಗೆ ವೈಸ್ ಗ್ರಿಪ್ (ಕಚ್ಚಿ ನಿಲ್ಲುವ ಇಕ್ಕಳ) ಸಿಕ್ಕಿಸಿದ್ದರು. ಹುಡುಗ ಅದನ್ನೇ ತುಳಿದುಕೊಂಡು ಹಾಸನದಿಂದ ಬಂದಿದ್ದ. ‘ಇಂಜಿನ್ ಇಳಿಸ್ಬೇಕು ಅಂದ್ರು ಸಾರ್’ ಅಂದ. ಬಗ್ಗಿ ನೋಡಿದೆ. ಶಾಫ್ಟಿನ ಹಲ್ಲುಗಳು ಸರಿಯಾಗಿಯೇ ಇದ್ದವು. ಸವೆದಿದ್ದದ್ದು ಅದರ ಮೇಲೆ ಕೂರುವ ಪುಟ್ಟ ಆರ್ಮ್. ಅದು ಅವನ ಬ್ಯಾಗಿನಲ್ಲೇ, ಪ್ಲಾಸ್ಟಿಕ್ ಕವರಿನೊಳಗಿತ್ತು.

ಗೇರ್ ಸರಿಯಾಗಿ ಬೀಳದಿದ್ದರೆ, ಎರಡರಿಂದ ಮೂರಕ್ಕೆ ಹೋಗುವಾಗ ನಡುವೆ ನ್ಯೂಟ್ರಲ್‌ನಂತೆ ತೇಲಿದರೆ, ಕಾಲಿಗೆ ಲಿವರ್ ಲೊಡಲೊಡ ಅನ್ನಿಸಿದರೆ ಎಲ್ಲರೂ ಗೇರ್ ಬಾಕ್ಸ್ ಹಾಳಾಯಿತು ಎಂದುಕೊಳ್ಳುತ್ತಾರೆ. ನಾನು ನೋಡಿದ ಹಳೆಯ ಬೈಕುಗಳಲ್ಲಿ ಬಹಳಷ್ಟು ಸಲ ದೋಷ ಇಂಜಿನ್ನಿನ ಹೊರಗೇ, ಲಿವರಿನಿಂದ ಶಾಫ್ಟಿನವರೆಗಿನ ಕೊಂಡಿಗಳಲ್ಲಿ, ಅಂದರೆ ಲಿಂಕೇಜಿನಲ್ಲಿ ಇತ್ತು.

ಸ್ಪ್ಲೆಂಡರ್‌ನಂಥ ಬೈಕಿನಲ್ಲಿ ಲಿವರ್ ನೇರವಾಗಿ ಶಾಫ್ಟಿನ ಮೇಲೆ ಕೂರುತ್ತದೆ. ಅಂಥ ಬೈಕಿನವರು ಕೆಳಗಿನ ‘ಹಲ್ಲಿನ ಕೆಲಸ’ ಓದಿದರೆ ಸಾಕು, ಅಲ್ಲಿ ಆರ್ಮ್ ಎಂದಿರುವಲ್ಲಿ ಲಿವರ್ ಎಂದುಕೊಳ್ಳಿ. ಪಲ್ಸರ್ 220, ಆರ್15 ತರಹದ ಬೈಕುಗಳಲ್ಲಿ ಫುಟ್‌ರೆಸ್ಟ್ ಹಿಂದಕ್ಕಿರುವುದರಿಂದ ಲಿವರ್ ಒಂದು ಕಡೆ, ಶಾಫ್ಟ್ ಇನ್ನೊಂದು ಕಡೆ, ಎರಡಕ್ಕೂ ನಡುವೆ ಒಂದು ರಾಡ್ ಇರುತ್ತದೆ. ಈ ಲೇಖನ ಮುಖ್ಯವಾಗಿ ಇಂಥ ಬೈಕಿನವರಿಗೆ. ಮೈಸೂರಿನ ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರು ಕ್ಷಮಿಸಬೇಕು. ಗೇರೂ ಕಿಕ್ಕೂ ಒಂದೇ ಲಿವರಿನಲ್ಲಿರುವ ಆ ಗಾಡಿಯ ಲೆಕ್ಕವೇ ಬೇರೆ.

ಬೇಕಾಗುವ ಸಾಮಾನು

10ರ ರಿಂಗ್ ಸ್ಪ್ಯಾನರ್ ಎರಡು, ಅಲೆನ್ ಕೀ ಸೆಟ್, ಸ್ಕ್ರೂಡ್ರೈವರ್, ಹಳೆಯ ಟೂತ್‌ಬ್ರಷ್, ಸೀಮೆಎಣ್ಣೆ ಅಥವಾ ಡೀಸೆಲ್, ಗ್ರೀಸ್, ವೈಟ್ನರ್ ಪೆನ್, ಟಾರ್ಚ್. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ (ಅದಿಲ್ಲದಿದ್ದರೆ ಹಿಂದಿನ ಚಕ್ರ ಎತ್ತುವ ಸ್ಟ್ಯಾಂಡಿಗೆ) ಹಾಕಿ, ನ್ಯೂಟ್ರಲ್ ಮಾಡಿ, ಆ ಭಾಗ ತೊಳೆದು ಮೊಬೈಲಿನಲ್ಲಿ ಎರಡು ಫೋಟೊ ತೆಗೆದಿಟ್ಟುಕೊಳ್ಳಿ.

ಪ್ಲೇ (ಸಡಿಲ) ಎಲ್ಲಿದೆ?

ಮೊದಲು ಕ್ಲಚ್ ಕೇಬಲ್ ನೋಡಿ. ಹ್ಯಾಂಡಲ್ಲಿನ ಲಿವರ್ ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಸಡಿಲ ಇದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ತಪ್ಪು ಲಿಂಕೇಜಿನದಲ್ಲ.

ಆಮೇಲೆ ಗೇರ್ ಲಿವರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಗೇರ್ ಬೀಳದಷ್ಟು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಇನ್ನೊಂದು ಕೈಯ ಹೆಬ್ಬೆರಳನ್ನು ಒಂದೊಂದೇ ಕೀಲಿನ ಮೇಲೆ ಇಡುತ್ತಾ ಹೋಗಿ. ಲಿವರ್ ಕೂರುವ ಪಿನ್ನು, ರಾಡಿನ ಮುಂದಿನ ಬಾಲ್ ಜಾಯಿಂಟ್ (ಬಟ್ಟಲಿನೊಳಗೆ ಗುಂಡು ತಿರುಗುವ ಕೀಲು), ಹಿಂದಿನ ಬಾಲ್ ಜಾಯಿಂಟ್, ಕೊನೆಗೆ ಶಾಫ್ಟಿನ ಮೇಲಿನ ಆರ್ಮ್. ಎಲ್ಲಿ ಒಂದು ಭಾಗ ಅಲುಗಾಡಿ ಪಕ್ಕದ ಭಾಗ ಸುಮ್ಮನಿರುತ್ತದೋ ಅಲ್ಲಿದೆ ರೋಗ. ಕಣ್ಣಿಗೆ ಕಾಣದ್ದು ಹೆಬ್ಬೆರಳಿಗೆ ತಿಳಿಯುತ್ತದೆ.

‘ಒಂದು ಮಿಲಿಮೀಟರ್ ತಾನೇ’ ಎಂದು ಬಿಡಬೇಡಿ. ನನ್ನ ಬೈಕಿನಲ್ಲಿ ಅಳೆದು ನೋಡಿದ್ದೇನೆ: ಪಿನ್ನಿನಿಂದ ಕಾಲಿಡುವ ತುದಿಗೆ 12 ಸೆಂಟಿಮೀಟರ್, ಪಿನ್ನಿನಿಂದ ರಾಡಿಗೆ 4. ರಾಡಿನ ಹತ್ತಿರದ 1 ಮಿಲಿಮೀಟರ್ ಪ್ಲೇ ಕಾಲಿನ ಬೆರಳಿಗೆ 3 ಆಗಿ ಬರುತ್ತದೆ. ನಾಲ್ಕು ಕಡೆ ಅಷ್ಟಷ್ಟು ಸವೆದರೆ ನಿಮ್ಮ ಕಾಲು ಅರ್ಧ ದಾರಿ ಸುಮ್ಮನೆ ನಡೆಯುತ್ತದೆ.

ರಾಡ್ ಮತ್ತು ಪಿನ್ನು

ರಾಡ್ ಬಿಚ್ಚುವಾಗ ನೆನಪಿಡಬೇಕಾದದ್ದು ಒಂದೇ: ಸಾಮಾನ್ಯವಾಗಿ ಅದರ ಒಂದು ತುದಿ ಉಲ್ಟಾ ಥ್ರೆಡ್. ರಾಡ್ ತಿರುಗದಂತೆ ಹಿಡಿಯುವ ಚೆಕ್ ನಟ್ ಒಂದು ಕಡೆ ಬಲಕ್ಕೆ, ಇನ್ನೊಂದು ಕಡೆ ಎಡಕ್ಕೆ ಸಡಿಲವಾಗುತ್ತದೆ. ಬರುತ್ತಿಲ್ಲ ಎಂದು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಲ ಹಾಕಿದವರು ಥ್ರೆಡ್ ಕಳೆದುಕೊಂಡಿದ್ದಾರೆ. ಬಿಚ್ಚುವ ಮೊದಲು ಎರಡು ಬಾಲ್‌ಗಳ ನಡುವಿನ ಉದ್ದ ಅಳೆದು ಬರೆದಿಡಿ.

ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ರಿಪೇರಿ ಇಲ್ಲ, ಬದಲಾಯಿಸುವುದೇ. ಸುತ್ತಿಗೆಯಲ್ಲಿ ಬಟ್ಟಲು ತಟ್ಟಿ ಬಿಗಿ ಮಾಡುವವರಿದ್ದಾರೆ. ಒಂದು ವಾರ ಬಿಗಿ, ಆಮೇಲೆ ಹಿಡಿದುಕೊಳ್ಳುತ್ತದೆ, ಇಲ್ಲವೇ ಸವಾರಿ ನಡುವೆ ಕಳಚುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರೋಡಿನ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ, ಎಡ ಥ್ರೆಡ್ಡಿನದು ಒಂದು, ಬಲ ಥ್ರೆಡ್ಡಿನದು ಒಂದು ಎಂದು ಬಾಯಿ ಬಿಟ್ಟು ಹೇಳಿ. ರಬ್ಬರ್ ಟೋಪಿ ಇಲ್ಲದ, ಮಿರಮಿರ ಮಿಂಚುವ ಅಗ್ಗದ ಮಾಲನ್ನು ಮುಟ್ಟಬೇಡಿ. ನಮ್ಮ ಮಳೆ, ಕೆಂಪು ಮಣ್ಣು, ಚೈನಿನ ಎಣ್ಣೆ ಎಲ್ಲ ಹಾರುವುದು ಅಲ್ಲಿಗೇ.

ಲಿವರಿನ ಪಿನ್ನು ತೊಳೆದು ಗ್ರೀಸ್ ಹಚ್ಚಿ. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಷ್ ಹಾಕಿಸಿ.

ಹಲ್ಲಿನ ಕೆಲಸ

ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಇಂಜಿನ್ನಿನಿಂದ ಹೊರಬರುವ ಶಾಫ್ಟಿನ ಸುತ್ತ ಸಣ್ಣ ಹಲ್ಲುಗಳಿವೆ. ಆರ್ಮಿನ ಒಳಗೂ ಅದೇ ತರಹದ ಹಲ್ಲುಗಳು. ಆರ್ಮನ್ನು ಒಂದು ಕಡೆ ಸೀಳಿರುತ್ತಾರೆ. ಸೀಳಿಗೆ ಅಡ್ಡಲಾಗಿ ಹಾಕಿದ 6 ಎಂಎಂ ಬೋಲ್ಟ್ ಬಿಗಿಯಾದಾಗ ಆರ್ಮ್ ಶಾಫ್ಟನ್ನು ಅವುಚಿ ಹಿಡಿಯುತ್ತದೆ. ಹಿಡಿತ ಬರುವುದು ಈ ಅವುಚುವಿಕೆಯಿಂದ. ಬೋಲ್ಟ್ ಸ್ವಲ್ಪ ಸಡಿಲವಾದರೂ ಪ್ರತಿ ಗೇರಿಗೂ ಹಲ್ಲಿಗೆ ಹಲ್ಲು ಬಡಿಯುತ್ತದೆ. ಶಾಫ್ಟ್ ಗಟ್ಟಿ ಉಕ್ಕು, ಆರ್ಮ್ ಅದಕ್ಕಿಂತ ಮೆದು, ಹೀಗಾಗಿ ಮೊದಲು ಸೋಲುವುದು ಆರ್ಮ್. ಇದು ನಮ್ಮ ಅದೃಷ್ಟ.

ಬಿಚ್ಚುವಾಗಿನ ಮೊದಲ ತಪ್ಪು: ಬೋಲ್ಟನ್ನು ಸಡಿಲ ಮಾಡಿ ಬಿಟ್ಟು ಆರ್ಮ್ ಎಳೆಯುವುದು. ಅನೇಕ ಬೈಕುಗಳಲ್ಲಿ ಶಾಫ್ಟಿನ ಮೇಲೆ ಅಡ್ಡವಾಗಿ ಗ್ರೂವ್ (ತೋಡು) ಒಂದನ್ನು ಕೊರೆದಿರುತ್ತಾರೆ, ಬೋಲ್ಟ್ ಅದರೊಳಗೆ ಹಾದು ಹೋಗುತ್ತದೆ. ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯದೆ ಆರ್ಮ್ ಬರುವುದಿಲ್ಲ. ಬರಲಿಲ್ಲವೆಂದು ಸುತ್ತಿಗೆ ಎತ್ತಿದರೆ ಪೆಟ್ಟು ಶಾಫ್ಟಿನ ಮೂಲಕ ಇಂಜಿನ್ನಿನ ಒಳಗೆ ಹೋಗುತ್ತದೆ. ಬೋಲ್ಟ್ ತೆಗೆದ ಮೇಲೂ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಬಿಟ್ಟು ಒಂದು ಕಾಫಿ ಕುಡಿದು ಬನ್ನಿ, ಸೀಳಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ತಿರುವಿ ಅಗಲಿಸಿ. ತೆಗೆಯುವ ಮುನ್ನ ಸೀಳಿನ ನೇರಕ್ಕೆ ಶಾಫ್ಟಿನ ಮೇಲೆ ವೈಟ್ನರ್‌ನಿಂದ ಗೆರೆ ಎಳೆದಿರಬೇಕು. ಒಂದು ಹಲ್ಲು ಆಚೀಚೆಯಾದರೂ ಲಿವರ್ ಎತ್ತರ ಬೇರೆಯಾಗುತ್ತದೆ.

ಈಗ ಎರಡನ್ನೂ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಶಾಫ್ಟಿನ ಹಲ್ಲುಗಳ ಮೇಲೆ ಉಗುರು ಎಳೆಯಿರಿ. ಟಿರ್‍ರ್ ಎಂದು ಒಂದೊಂದೂ ಉಗುರಿಗೆ ಸಿಕ್ಕರೆ ಶಾಫ್ಟ್ ಚೆನ್ನಾಗಿದೆ. ಉಗುರು ಜಾರಿ ಹೋದರೆ ಆ ಭಾಗ ಸವೆದಿದೆ. ಆರ್ಮಿನ ಒಳಗೆ ಹಲ್ಲಿನ ತುದಿಗಳು ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ಅದರ ಕೆಲಸ ಮುಗಿಯಿತು.

ಇನ್ನೊಂದು ಪರೀಕ್ಷೆ. ಬೋಲ್ಟ್ ಬಿಗಿದಾಗ ಸೀಳಿನ ಎರಡು ಕಿವಿಗಳ ನಡುವೆ ಸಂದು ಉಳಿದಿರಬೇಕು. ಕಿವಿಗಳು ಒಂದಕ್ಕೊಂದು ತಾಗಿದ್ದರೆ ನೀವು ಎಷ್ಟೇ ಬಿಗಿದರೂ ಬಿಗಿಯುತ್ತಿರುವುದು ಕಿವಿಗಳನ್ನು, ಶಾಫ್ಟನ್ನಲ್ಲ. ಜನ ಇಲ್ಲಿ ಇನ್ನೂ ಬಿಗಿದು ಬೋಲ್ಟ್ ಮುರಿಯುತ್ತಾರೆ. ಊರಿಂದ ದೂರವಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಸೀಳನ್ನು ಒಂದು ಮಿಲಿಮೀಟರ್ ಅಗಲಿಸಿ ಮತ್ತೆ ಬಿಗಿಯಿರಿ, ಮನೆ ಸೇರಬಹುದು. ಕೂಲ್ ಡ್ರಿಂಕ್ ಕ್ಯಾನಿನ ತಗಡನ್ನು ನಡುವೆ ತುರುಕುವುದು ಇನ್ನೊಂದು ದಾರಿ. ನಾನೂ ಮಾಡಿದ್ದೇನೆ. ಮೂರನೇ ದಿನ ತಗಡು ಚೂರುಚೂರಾಗಿ ಉದುರಿತು.

ವೆಲ್ಡಿಂಗ್ ಮಾತ್ರ ಬೇಡ. ‘ಎರಡು ಪಾಯಿಂಟ್ ಹೊಡೆದ್ರೆ ಆಯ್ತು’ ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಆರ್ಮಿನ ಹಿಂದೆ ಬೆರಳಗಲ ದೂರದಲ್ಲೇ ರಬ್ಬರಿನ ಆಯಿಲ್ ಸೀಲ್ ಇದೆ. ಆ ಬಿಸಿಗೆ ಅದು ಸುಟ್ಟು, ಮರುದಿನದಿಂದ ಆಯಿಲ್ ತೊಟ್ಟಿಕ್ಕುತ್ತದೆ. ಸೀಲ್ ಬದಲಿಸೋಣವೆಂದರೆ ಬೆಸೆದ ಆರ್ಮ್ ಅಡ್ಡ, ಗ್ರೈಂಡರಿನಲ್ಲಿ ಕತ್ತರಿಸಬೇಕು. ಆರ್ಮ್ ಉಳಿಸಲು ಹೋಗಿ ಶಾಫ್ಟ್ ಕಳೆದುಕೊಂಡಂತಾಯಿತು. ಎಷ್ಟೋ ಇಂಜಿನ್ನುಗಳಲ್ಲಿ ಕ್ಲಚ್ ಬಿಚ್ಚದೆ ಆ ಶಾಫ್ಟ್ ಹೊರಗೆ ಬರುವುದೇ ಇಲ್ಲ.

ಹೊಸ ಆರ್ಮನ್ನು ಶಾಫ್ಟಿನ ಮೇಲೆ ಕೈಯಲ್ಲೇ ತಳ್ಳಿ. ಶಾಫ್ಟಿನ ಹೊರತುದಿ ಮಾತ್ರ ಸವೆದಿದ್ದರೆ ಆರ್ಮನ್ನು ಎರಡು ಮಿಲಿಮೀಟರ್ ಒಳಕ್ಕೆ ಕೂರಿಸಿ ಹೊಸ ಹಲ್ಲನ್ನು ಹಿಡಿಸಬಹುದು. ಶಾಫ್ಟಿಗೆ ಗ್ರೂವ್ ಕೊರೆದಿದ್ದರೆ ಈ ಉಪಾಯ ನಡೆಯದು, ಬೋಲ್ಟ್ ದಾರಿ ತಪ್ಪುತ್ತದೆ. ಬೋಲ್ಟ್ ಬೆರಳಲ್ಲೇ ತಿರುಗಿ ಒಳಗೆ ಹೋಗಬೇಕು. ಹೋಗದಿದ್ದರೆ ಆರ್ಮ್ ಇನ್ನೂ ಜಾಗಕ್ಕೆ ಬಂದಿಲ್ಲ, ಸ್ಪ್ಯಾನರ್ ಹಾಕಬೇಡಿ.

ಹಳೆಯ ಬೋಲ್ಟನ್ನು ಮತ್ತೆ ಹಾಕುವುದು ನನಗೆ ಸೇರುವುದಿಲ್ಲ. ತಲೆಯ ಮೇಲೆ 8.8 ಎಂದು ಅಚ್ಚಾಗಿರುವ ಹೊಸದನ್ನು ತನ್ನಿ. ಏನೂ ಬರೆದಿರದ ಬೋಲ್ಟ್ ಕಿಟಕಿಗೆ ಸಾಕು, ಗೇರಿಗೆ ಸಾಲದು. ಥ್ರೆಡ್ಡಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ (ಕೆಂಪು ಹಾಕಿದರೆ ಮುಂದೆ ಬಿಚ್ಚುವವರ ಶಾಪ ತಟ್ಟುತ್ತದೆ). ಟಾರ್ಕ್ ರೆಂಚ್ ಇದ್ದರೆ ಸುಮಾರು 10 ನ್ಯೂಟನ್ ಮೀಟರ್. ಇಲ್ಲದಿದ್ದರೆ ಸ್ಪ್ಯಾನರನ್ನು ನಡುವಿನಲ್ಲಿ ಹಿಡಿದು ಒಂದೇ ಕೈಯಲ್ಲಿ ಗಟ್ಟಿಯಾಗಿ ಬಿಗಿಯಿರಿ.

ಜೋಡಣೆ

ನ್ಯೂಟ್ರಲ್‌ನಲ್ಲಿ ರಾಡು ಮತ್ತು ಆರ್ಮ್ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಇರಲಿ. ಆ ಕೋನ ಹಿಗ್ಗಾಮುಗ್ಗಾ ಆದರೆ ಮೇಲಕ್ಕೆ ಎತ್ತುವ ಗೇರು ಸಲೀಸು, ಕೆಳಗೆ ತುಳಿಯುವ ಗೇರು ಕಷ್ಟ, ಅಥವಾ ತಿರುಗುಮುರುಗು. ಮೊದಲು ಆರ್ಮನ್ನು ಬಿಚ್ಚಿ ಹಲ್ಲು ಆಚೀಚೆ ಮಾಡಿ ಕೂರಿಸಿ ಕೋನ ಸರಿಮಾಡಿ, ಆಮೇಲಷ್ಟೇ ರಾಡ್ ತಿರುಗಿಸಿ ಲಿವರ್ ಎತ್ತರ ನಿಮ್ಮ ಶೂಗೆ ಹೊಂದಿಸಿಕೊಳ್ಳಿ. ಚಪ್ಪಲಿ ಹಾಕಿಕೊಂಡು ಹೊಂದಿಸಬೇಡಿ. ಎರಡು ಕಡೆಯೂ ಕನಿಷ್ಠ 6 ಮಿಲಿಮೀಟರ್ ಥ್ರೆಡ್ ಒಳಗಿರಬೇಕು. ರಾಡನ್ನು ಒಂದು ಕೈಯಲ್ಲಿ ತಿರುಗದಂತೆ ಹಿಡಿದು ಎರಡೂ ಚೆಕ್ ನಟ್ ಬಿಗಿಯಿರಿ.

ಇಂಜಿನ್ ಆಫ್ ಇರುವಾಗಲೇ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಎಲ್ಲ ಗೇರೂ ಮೇಲಕ್ಕೆ, ಕೆಳಕ್ಕೆ ಹಾಕಿ ನೋಡಿ. ಲಿವರ್ ಎಲ್ಲೂ ಫ್ರೇಮಿಗೆ, ಸ್ಟ್ಯಾಂಡಿಗೆ ತಾಗಬಾರದು. ತುಳಿದು ಬಿಟ್ಟರೆ ತಾನಾಗಿ ಜಾಗಕ್ಕೆ ಮರಳಬೇಕು. ಇಷ್ಟಾದ ಮೇಲೂ ಗೇರ್ ತಪ್ಪಿದರೆ ಆಗ ಮೆಕ್ಯಾನಿಕ್ ಹತ್ತಿರ ಹೋಗಿ, ಇಂಜಿನ್ ಇಳಿಸುವ ಮಾತು ಆಗ ಆಡಬಹುದು.

ನೂರು ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟಿನ ಮೇಲೆ ಮತ್ತೆ ಸ್ಪ್ಯಾನರ್ ಇಟ್ಟು ನೋಡಿ. ಜೊತೆಗೆ ಅದೇ ಅಳತೆಯ ಇನ್ನೊಂದು ಬೋಲ್ಟನ್ನು ಸೀಟಿನ ಕೆಳಗಿನ ಟೂಲ್ ಬ್ಯಾಗಿಗೆ ಹಾಕಿಡಿ. ಸಕಲೇಶಪುರದ ಹುಡುಗನಿಗೆ ನಾನು ಕೊಟ್ಟದ್ದು ನನ್ನ ಬ್ಯಾಗಿನಲ್ಲಿದ್ದ ಅಂಥದ್ದೇ ಬೋಲ್ಟು, ಮತ್ತು ಅಂಗಡಿಯವರಿಂದ ಎರವಲು ಪಡೆದ ಹ್ಯಾಕ್ಸಾ ಬ್ಲೇಡಿನ ಹತ್ತು ನಿಮಿಷದ ಕೆಲಸ. ವೈಸ್ ಗ್ರಿಪ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಅವನು ಮೂರನೇ ಗೇರಿನಲ್ಲಿ ಘಾಟಿ ಇಳಿದ.