ಹೆಪ್ಪುಗಟ್ಟಿದ ಕೆರೆಯಲ್ಲಿ ಗಾಳ ಹಾಕುವುದು ಹೇಗೆ? ಮೊದಲು ಐಸ್ ನೋಡಿ, ಮೀನು ಆಮೇಲೆ

ಡಿಸೆಂಬರ್ ಬಂದರೆ ಸಾಕು, ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ನಮ್ಮ ಹುಡುಗರಿಗೆ ಐಸ್ ಫಿಶಿಂಗ್ ಹುಚ್ಚು ಹತ್ತುತ್ತದೆ. ಬೆಂಗಳೂರಿಂದ ಬಂದು ಎರಡನೇ ಚಳಿಗಾಲ ಕಾಣುತ್ತಿರುವವರದ್ದೇ ಜೋರು. ಟೆಂಟು, ಹೀಟರು, ನೀರೊಳಗಿನ ಮೀನು ತೋರಿಸುವ ಸ್ಕ್ರೀನು, ಕಾಫಿ ಫ್ಲಾಸ್ಕು ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಹೊರಡುತ್ತಾರೆ. ಐಸ್ ಕುಟ್ಟಿ ನೋಡಲು ಒಂದು ಹಾರೆ ಮಾತ್ರ ಇರುವುದಿಲ್ಲ. ಕೇಳಿದರೆ, "ಅಲ್ಲಿ ಆಗಲೇ ನಾಲ್ಕು ಜನ ಕೂತಿದ್ದಾರಲ್ಲ ಸಾರ್" ಅಂತಾರೆ. ಆ ನಾಲ್ಕು ಜನ ಯಾವ ಕಡೆಯಿಂದ ನಡೆದು ಹೋದರು ಅಂತ ಇವರಿಗೆ ಗೊತ್ತಿಲ್ಲ. ಆ ನಾಲ್ವರೂ ಇನ್ಯಾರನ್ನೋ ನೋಡಿ ಹೋಗಿದ್ದರೂ ಆಶ್ಚರ್ಯವಿಲ್ಲ.

ಮೀನು ಹಿಡಿಯುವುದು ಕಷ್ಟವಲ್ಲ, ಒಂದು ಸಂಜೆಯಲ್ಲಿ ಕಲಿಯಬಹುದು. ಐಸ್ ನೋಡುವುದನ್ನು ಕಲಿಯಬೇಕು.

1. ಲೈಸೆನ್ಸು

16 ವರ್ಷ ತುಂಬಿದವರಿಗೆ ಬೇಕೇ ಬೇಕು. ಆನ್‌ಲೈನಿನಲ್ಲಿ ಸಿಗುತ್ತದೆ. ಇದರ ವರ್ಷ ಮಾರ್ಚ್ 1ಕ್ಕೆ ಶುರುವಾಗಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಜನವರಿಯಲ್ಲಿ ತಗೊಂಡದ್ದನ್ನೇ ಜೇಬಲ್ಲಿಟ್ಟುಕೊಂಡು ಮಾರ್ಚ್‌ನಲ್ಲಿ ಹೋದರೆ ದಂಡ ಕಟ್ಟಬೇಕಾದೀತು.

2. ಬಟ್ಟೆ

ಹತ್ತಿ ಬಟ್ಟೆ ಬೇಡ, ಸಾಕ್ಸ್ ಕೂಡ ಉಣ್ಣೆಯದೇ ಇರಲಿ. ಬೂಟು ಒಂದು ಸೈಜು ದೊಡ್ಡದಿರಲಿ, ಬಿಗಿಯಾದರೆ ಕಾಲು ಮರಗಟ್ಟುತ್ತದೆ. ಬೂಟಿನ ಕೆಳಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ತಗೊಳ್ಳಿ. ನನ್ನನ್ನು ಕೇಳಿದರೆ, ಸ್ಕ್ರೀನಿಗೆ ಸುರಿಯುವ ದುಡ್ಡಿನಲ್ಲಿ ನೀರಲ್ಲಿ ತೇಲಿಸುವ ಚಳಿಗಾಲದ ಸೂಟು ಕೊಳ್ಳುವುದೇ ಜಾಣತನ. ಅಷ್ಟು ಆಗದಿದ್ದರೆ ಜಾಕೆಟ್ ಮೇಲೆ ಲೈಫ್ ಜಾಕೆಟ್ ಹಾಕಿ. ಚೆನ್ನಾಗಿ ಕಾಣುವುದಿಲ್ಲ ನಿಜ, ಹಾಕಿ.

3. ಐಸ್ ಮೇಲೆ ಕಾಲಿಡುವುದು

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಡಿಎನ್‌ಆರ್ ಎಂದು ಕರೆಯುವ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೆಕ್ಕ ಹೀಗಿದೆ: ನಡೆದು ಹೋಗಲು ಕನಿಷ್ಠ 4 ಇಂಚು. ಹಿಮದ ಮೇಲೆ ಓಡಿಸುವ ಸ್ನೋಮೊಬೈಲಿಗೆ 5ರಿಂದ 7 ಇಂಚು. ಸಣ್ಣ ಕಾರಿಗೆ 9ರಿಂದ 10. ಪಿಕಪ್ ಟ್ರಕ್ಕಿಗೆ 13. ಈ ಪಟ್ಟಿಯನ್ನು ಎಲ್ಲರೂ ಮೊಬೈಲಿನಲ್ಲಿ ಇಟ್ಟುಕೊಂಡಿರುತ್ತಾರೆ. ಆದರೆ ಇದು ಹೊಸದಾಗಿ ಕಟ್ಟಿದ, ಪಾರದರ್ಶಕ ಐಸಿನ ಲೆಕ್ಕ ಎಂಬ ಮಾತನ್ನು ಯಾರೂ ಓದುವುದಿಲ್ಲ.

ಐಸಿನ ಬಣ್ಣ ನೋಡಿ. ಕೆಳಗಿನ ನೀರು ಕಪ್ಪಗೆ ಕಾಣುವಷ್ಟು ತಿಳಿಯಾಗಿದ್ದರೆ ಗಟ್ಟಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ಹಿಮವೂ ಗಾಳಿಯ ಗುಳ್ಳೆಯೂ ಸೇರಿರುತ್ತದೆ. ಅದಕ್ಕೆ ಎರಡರಷ್ಟು ದಪ್ಪ ಬೇಕು, ಅಂದರೆ ನಡೆಯಲು 8 ಇಂಚು. ಬೂದು ಬಣ್ಣ ಬಂದಿದ್ದರೆ ಒಳಗೆ ನೀರಿದೆ ಎಂದರ್ಥ, ವಾಪಸ್ ಬನ್ನಿ.

ಮಾರ್ಚ್‌ನ ಐಸ್ ಇನ್ನೊಂದು ಮೋಸ. ಟೇಪು ಹಿಡಿದರೆ ಒಂದು ಅಡಿ ತೋರಿಸುತ್ತದೆ. ಬಿಸಿಲಿಗೆ ಮಾತ್ರ ಅದು ಒಳಗೊಳಗೇ ಸೀಳಿ, ಮೇಣದ ಬತ್ತಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಆಗಿರುತ್ತದೆ. ಒಂದು ಅಡಿ ಕೊಳೆತ ಐಸಿಗಿಂತ ಡಿಸೆಂಬರಿನ 4 ಇಂಚು ಮೇಲು.

ಇನ್ನು ಹಾರೆ. ಅಂಗಡಿಯಲ್ಲಿ ಸ್ಪಡ್ ಬಾರ್ ಅಂತ ಕೇಳಿ. ತುದಿ ಚಪ್ಪಟೆ ಉಳಿಯ ಹಾಗಿರುತ್ತದೆ. ಹಗುರವಾದ ಅಲ್ಯೂಮಿನಿಯಂ ಹಾರೆಗಳೂ ಬಂದಿವೆ, ತಗೋಬೇಡಿ. ಭಾರವೇ ಅದರ ಕೆಲಸ. ಹಿಡಿಗೆ ಹಗ್ಗ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಐಸ್ ತೂತಾದ ಕೂಡಲೇ ಹಾರೆ ಕೆರೆಯ ತಳ ಸೇರುತ್ತದೆ.

ದಡದಲ್ಲಿ ನಿಂತೇ ಮೊದಲ ಏಟು ಹಾಕಿ. ಆಮೇಲೆ ಒಂದೊಂದು ಹೆಜ್ಜೆಗೂ ಮುಂದೆ ಕುಟ್ಟಿ, ನಂತರ ಕಾಲಿಡಿ. ಸುಮ್ನೆ ಊರುಗೋಲಿನಂತೆ ತಟ್ಟುವುದಲ್ಲ, ಎರಡೂ ಕೈಯಿಂದ ಎತ್ತಿ ಹಾಕಬೇಕು. ಗಟ್ಟಿ ಐಸಿನಲ್ಲಿ ಹಾರೆ ಪುಟಿಯುತ್ತದೆ, ಬಿಳಿ ಚೂರು ಹಾರುತ್ತದೆ. ಒಂದೆರಡು ಏಟಿಗೇ ತೂತಾಗಿ ನೀರು ಮೇಲೆ ಬಂದರೆ ಅಲ್ಲೇ ನಿಲ್ಲಿ. ತಿರುಗಿ ಓಡಬೇಡಿ. ಕಾಲು ಎತ್ತದೆ, ಜಾರಿಸುತ್ತ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬನ್ನಿ.

ಹಾರೆ ಗಟ್ಟಿ ಎಂದ ಮಾತ್ರಕ್ಕೆ ದಪ್ಪ ಎಷ್ಟೆಂದು ತಿಳಿಯುವುದಿಲ್ಲ. ಸುಮಾರು 150 ಅಡಿಗೊಮ್ಮೆ ಆಗರ್‌ನಿಂದ, ಅಂದರೆ ಐಸ್ ಕೊರೆಯುವ ಬೈರಿಗೆಯಿಂದ, ತೂತು ಕೊರೆದು ಅಳೆಯಿರಿ. ಟೇಪಿನ ಕೊಕ್ಕೆಯನ್ನು ಐಸಿನ ಕೆಳ ಅಂಚಿಗೆ ಸಿಕ್ಕಿಸಿ ಮೇಲಕ್ಕೆ ಎಳೆದು ಓದಬೇಕು. ಒಂದೇ ಕೆರೆಯಲ್ಲಿ ಇಲ್ಲಿ ಒಂದು ಅಡಿ, ಸ್ವಲ್ಪ ಆಚೆ ಎರಡೇ ಇಂಚು ಇರುವುದು ಮಾಮೂಲು. ತೊರೆ ಬಂದು ಸೇರುವ ಜಾಗ, ಸೇತುವೆ ಕೆಳಗೆ, ಎರಡು ಕೆರೆ ನಡುವಿನ ಕಿರಿದಾದ ನೀರಿನ ದಾರಿ, ತಳದಲ್ಲಿ ಬುಗ್ಗೆ ಇರುವ ಕಡೆ, ಬಾತುಕೋಳಿಗಳು ಕೂತು ಎದ್ದ ಜಾಗ: ಇವುಗಳ ಹತ್ತಿರ ಸುಳಿಯಬೇಡಿ. ದೊಡ್ಡ ಮನೆಗಳ ಮುಂದಿನ ದೋಣಿ ಕಟ್ಟೆಗಳಲ್ಲಿ ಐಸ್ ಕಟ್ಟದಂತೆ ಗುಳ್ಳೆ ಬಿಡುವ ಯಂತ್ರ ಇಟ್ಟಿರುತ್ತಾರೆ. ಮಿನ್ನೆಟೊಂಕಾದಂಥ ಕೆರೆಯಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ.

ಹಿಮ ಬಿದ್ದರೆ ಐಸ್ ಇನ್ನೂ ಗಟ್ಟಿಯಾಯಿತು ಎಂದು ಖುಷಿಪಡುವವರಿದ್ದಾರೆ. ಉಲ್ಟಾ. ಹಿಮ ಕಂಬಳಿಯ ಕೆಲಸ ಮಾಡಿ ಚಳಿಯನ್ನು ಐಸಿಗೆ ತಾಗಲು ಬಿಡುವುದಿಲ್ಲ, ದಪ್ಪವಾಗುವುದು ನಿಧಾನವಾಗುತ್ತದೆ. ಅದರ ಭಾರಕ್ಕೆ ಐಸ್ ಕೆಳಗೆ ಒತ್ತಿ, ಬಿರುಕಿನಿಂದ ನೀರು ಮೇಲೆ ಬಂದು ಕೆಸರಿನಂತೆ ನಿಲ್ಲುತ್ತದೆ. ಇನ್ನು ಸದ್ದು. ಚಳಿ ಏರಿಳಿದಾಗ ಐಸ್ ಗುಡುಗುತ್ತದೆ, ಹೊಸಬರು ಹೆದರಿ ಓಡುತ್ತಾರೆ. ಗುಡುಗು ಕೇಳಿತು ಎಂದರೆ ಐಸ್ ಒಡೆಯಿತು ಎಂದಲ್ಲ. ಸದ್ದು ಬಿಡಿ, ಅಳತೆ ನಂಬಿ.

ಗಾಳಿಯನ್ನೂ ಗಮನಿಸಿ, ದೊಡ್ಡ ಕೆರೆಯಲ್ಲಿ ಜಾಸ್ತಿ. 2023ರ ಡಿಸೆಂಬರ್ ಕೊನೆಯಲ್ಲಿ ಅಪ್ಪರ್ ರೆಡ್ ಲೇಕ್‌ನಲ್ಲಿ ಐಸಿನ ಹಾಳೆಯೇ ದಡದಿಂದ ಬೇರ್ಪಟ್ಟು 100ಕ್ಕೂ ಹೆಚ್ಚು ಜನ ಅದರ ಮೇಲೆ ಸಿಕ್ಕಿಕೊಂಡಿದ್ದರು. ಅಲ್ಲಿದ್ದವರೆಲ್ಲ ಹೊಸಬರೇನೂ ಅಲ್ಲ.

ಬಿದ್ದೇ ಬಿಟ್ಟರೆ? ಮೊದಲ ಒಂದು ನಿಮಿಷ ಏದುಸಿರು ಬರುತ್ತದೆ, ಉಸಿರು ಹತೋಟಿಗೆ ತರುವುದಷ್ಟೇ ಕೆಲಸ. ಕೈಕಾಲು ಮಾತು ಕೇಳುವುದು ಅಲ್ಲಿಂದ ಸುಮಾರು ಹತ್ತು ನಿಮಿಷ. ನಡೆದು ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ನಿಮ್ಮನ್ನು ಹೊತ್ತ ಐಸ್ ಅಲ್ಲಿದೆ ಎಂದು ನಿಮಗೆ ಗೊತ್ತು. ಕಾಲು ಹಿಂದಕ್ಕೆ ಚಾಚಿ ಈಜುವಂತೆ ಒದೆಯಿರಿ. ಕುತ್ತಿಗೆಗೆ ನೇತು ಹಾಕಿಕೊಂಡ ಐಸ್ ಮೊಳೆಗಳನ್ನು (ಕೈಹಿಡಿ ಇರುವ ಎರಡು ಚೂಪು ಮೊಳೆಗಳು) ಐಸಿಗೆ ಚುಚ್ಚಿ ಮೈ ಮೇಲೆಳೆದುಕೊಳ್ಳಿ. ಮೇಲೆ ಬಂದ ಮೇಲೆ ಎದ್ದು ನಿಲ್ಲಬೇಡಿ, ಉರುಳಿಕೊಂಡು ದಡದ ಕಡೆ ಬನ್ನಿ. ಈ ಮೊಳೆಗಳನ್ನು ಬ್ಯಾಗಿನಲ್ಲಿ ಭದ್ರವಾಗಿ ಇಟ್ಟುಕೊಂಡವರನ್ನು ನೋಡಿದ್ದೇನೆ. ನೀರಿನಲ್ಲಿ ಬ್ಯಾಗಿನ ಜಿಪ್ ಹುಡುಕುತ್ತೀರಾ?

4. ತೂತು ಕೊರೆಯುವುದು

ಕೈಯಲ್ಲಿ ತಿರುಗಿಸುವ 6 ಇಂಚಿನ ಆಗರ್ ಸಣ್ಣ ಮೀನಿಗೆ ಧಾರಾಳ ಸಾಕು. ಬ್ಲೇಡು ಹರಿತವಾಗಿರಲಿ. ಅರದಿಂದ ಮನೆಯಲ್ಲೇ ಉಜ್ಜಿದರೆ ಕೋನ ಕೆಡುತ್ತದೆ, ಆಮೇಲೆ ಐಸ್ ಮೇಲೆ ಗಿರಗಿರ ತಿರುಗುತ್ತದೆಯೇ ಹೊರತು ಕೊರೆಯುವುದಿಲ್ಲ. ಹೊಸ ಬ್ಲೇಡು ತಗೊಳ್ಳಿ.

5. ಆಳ ಮತ್ತು ಗಾಳ

ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದಿದ್ದೆವಲ್ಲ, ಅದು ಉಪಯೋಗಕ್ಕೆ ಬರುವುದು ಇಲ್ಲಿ. ಐಸಿಗೆ ತಾಗಿದ ನೀರು ಸೊನ್ನೆಯ ಹತ್ತಿರ, ತಳದ ನೀರು 4ರ ಹತ್ತಿರ. ಚಳಿಗಾಲದ ಶುರುವಿನಲ್ಲಿ ಹಸಿರು ಜೊಂಡು ಉಳಿದಿರುವ ಕಡೆ, 8–10 ಅಡಿಯಲ್ಲೇ ಸನ್‌ಫಿಶ್ ಸಿಗುತ್ತದೆ. ಜನವರಿ ಹೊತ್ತಿಗೆ ಕ್ರಾಪಿ ಮೀನುಗಳು ಆಳದ ಗುಂಡಿಗೆ ಇಳಿದು, ತಳಕ್ಕಿಂತ ಮೇಲೆ ನಡುನೀರಿನಲ್ಲಿ ಗುಂಪಾಗಿ ನಿಲ್ಲುತ್ತವೆ. ಪರ್ಚ್ ಹಗಲಲ್ಲಿ ಕಚ್ಚುತ್ತದೆ. ವಾಲೈ ಬೇಕಿದ್ದರೆ ಸೂರ್ಯ ಮುಳುಗುವ ಮುಂಚೆಯೇ ಹೋಗಿ ಕೂರಬೇಕು, ಮಬ್ಬಿನಲ್ಲೇ ಅದರ ಬೇಟೆ. ಒಳನಾಡಿನ ಕೆರೆಗಳಲ್ಲಿ ವಾಲೈ ಕಾಲ ಫೆಬ್ರವರಿ ಕೊನೆಗೆ ಮುಗಿಯುತ್ತದೆ.

ಕೊಕ್ಕೆಗೆ ಸಣ್ಣ ತೂಕ ಸಿಕ್ಕಿಸಿ ತಳ ಮುಟ್ಟುವವರೆಗೆ ಬಿಡಿ. ಅಲ್ಲಿಂದ ಒಂದು ಅಡಿ ಎತ್ತಿ ಶುರು ಮಾಡಿ. ಕ್ರಾಪಿ ಮೇಲೆ ನೋಡಿ ತಿನ್ನುವ ಮೀನು. ಎರೆ ಅದರ ತಲೆಗಿಂತ ಮೇಲಿರಬೇಕು, ಕೆಳಗೆ ಬಿಟ್ಟರೆ ತಿರುಗಿಯೂ ನೋಡುವುದಿಲ್ಲ. ದಾರ 2ರಿಂದ 4 ಪೌಂಡು ಎಳೆತ ತಾಳುವಂಥದ್ದು ಸಾಕು. ಅಂಗಡಿಯಲ್ಲಿ ರಾಡಿನ ಜೊತೆ ಸುತ್ತಿಕೊಡುವ ದಪ್ಪ ದಾರ ಚಳಿಗೆ ಸ್ಪ್ರಿಂಗಿನಂತೆ ಸುರುಳಿ ಸುತ್ತುತ್ತದೆ. ಕಿತ್ತು ಹಾಕಿ. ಟಂಗ್‌ಸ್ಟನ್ ಜಿಗ್ಗಿಗೆ, ಅಂದರೆ ತೂಕವೂ ಸೇರಿರುವ ಪುಟ್ಟ ಕೊಕ್ಕೆಗೆ, ಎರೆಯಾಗಿ ಮೇಣದ ಹುಳ ಸಿಕ್ಕಿಸಿದರೆ ಸನ್‌ಫಿಶ್ಶಿಗೂ ಕ್ರಾಪಿಗೂ ಆಗುತ್ತದೆ.

ಬೆಂಡು ಮುಳುಗುವುದನ್ನೇ ಕಾಯುತ್ತ ಕೂತರೆ ಅರ್ಧ ಮೀನು ಕೈತಪ್ಪುತ್ತದೆ. ರಾಡಿನ ತುದಿಗೆ ತೆಳು ಸ್ಪ್ರಿಂಗ್ ಪಟ್ಟಿ ಕಟ್ಟಿ. ಜಿಗ್ಗಿನ ತೂಕಕ್ಕೆ ಅದು ಚೂರು ಬಾಗಿರುತ್ತದೆ. ಸನ್‌ಫಿಶ್ ಕಚ್ಚಿದರೆ ಇನ್ನಷ್ಟು ಬಾಗುತ್ತದೆ. ಕ್ರಾಪಿ ಕೆಳಗಿಂದ ಬಂದು ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೇ ಹೋಗುವುದರಿಂದ ಬಾಗಿದ್ದ ಪಟ್ಟಿ ನೆಟ್ಟಗಾಗುತ್ತದೆ, ಅಷ್ಟೇ. ಆಗ ಮಣಿಕಟ್ಟನ್ನು ಮಾತ್ರ ಎತ್ತಿ. ಜೋರಾಗಿ ಎಳೆದರೆ ಅದರ ಕಾಗದದಂಥ ತುಟಿ ಹರಿದು ಹೋಗುತ್ತದೆ.

ಟೆಂಟಿನೊಳಗೆ ಗ್ಯಾಸ್ ಹೀಟರ್ ಹಚ್ಚಿದ್ದರೆ ಮೇಲಿನ ಕಿಂಡಿ ತೆರೆದೇ ಇರಲಿ, ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ನೇತು ಹಾಕಿ. ಇದರ ಬಗ್ಗೆ ವಾದ ಬೇಡ.

6. ಹಿಡಿದ ಮೇಲೆ

ಕ್ರಾಪಿಗೆ ರಾಜ್ಯದ ಸಾಮಾನ್ಯ ಮಿತಿ ದಿನಕ್ಕೆ 10. ಎಷ್ಟೋ ಕೆರೆಗಳಿಗೆ ಬೇರೆ ನಿಯಮವಿದೆ, ಮಿಲ್ ಲ್ಯಾಕ್ಸ್‌ನ ವಾಲೈ ನಿಯಮವಂತೂ ಬದಲಾಗುತ್ತಲೇ ಇರುತ್ತದೆ. ಹೋಗುವ ಮುಂಚೆ ನೋಡಿಕೊಳ್ಳಿ. 30 ಅಡಿಗಿಂತ ಆಳದಿಂದ ಎತ್ತಿದ ಕ್ರಾಪಿಯನ್ನು ವಾಪಸ್ ಬಿಟ್ಟರೂ ಬದುಕುವುದು ಕಷ್ಟ, ಒಳಗಿನ ಗಾಳಿಚೀಲ ಉಬ್ಬಿರುತ್ತದೆ. ಬೇಕಾದಷ್ಟು ಸಿಕ್ಕ ಮೇಲೆ ಮೋಜಿಗೆಂದು ಅಲ್ಲಿ ಗಾಳ ಹಾಕಬೇಡಿ. ಉಳಿದ ಎರೆಮೀನನ್ನು ಕೆರೆಗೆ ಸುರಿಯುವುದು ಕಾನೂನಿಗೆ ವಿರುದ್ಧ, ಕಸದ ಬುಟ್ಟಿಗೆ ಹಾಕಿ.

ಅಡುಗೆ ವಿಷಯ ಬಂದರೆ ನನ್ನ ಓಟು ಪರ್ಚ್‌ಗೆ. ವಾಲೈ ಹೆಸರು ದೊಡ್ಡದು, ರುಚಿ ಸಪ್ಪೆ. ಪರ್ಚ್ ಸೀಳಿ, ಚರ್ಮ ತೆಗೆದು, ಉಪ್ಪು, ಅರಿಶಿನ, ಬ್ಯಾಡಗಿ ಪುಡಿ, ಹುಳಿ ಕಲಸಿ ಅರ್ಧ ಗಂಟೆ ಬಿಟ್ಟು ರವೆ ಹಚ್ಚಿ ಕಾವಲಿ ಮೇಲೆ ಹುರಿಯಿರಿ. ಇಲ್ಲಿಯವರು ಬಿಯರ್ ಹಿಟ್ಟಿನಲ್ಲಿ ಮುಳುಗಿಸಿ ಕರಿಯುತ್ತಾರೆ, ಅದು ಬೇಡ. ನಾರ್ದರ್ನ್ ಪೈಕ್ ಸಿಕ್ಕರೆ ಅದರೊಳಗಿನ ಕವಲು ಮುಳ್ಳಿನ ಸಾಲನ್ನು ಪೂರ್ತಿ ತೆಗೆದೇ ಬೇಯಿಸಿ, ಮಕ್ಕಳಿರುವ ಮನೆಯಲ್ಲಂತೂ ತಪ್ಪದೆ.