ಕ್ಲೌಡ್‌ಗೆ ಹಾಕುವ ಕಾಗದಪತ್ರಗಳಿಗೆ ಬೀಗ ಹಾಕುವ ಬಗೆ

ಕ್ರಯಪತ್ರ, ಇ-ಖಾತಾ, ಇಸಿ, ಪ್ಯಾನ್ ಕಾರ್ಡು. ಬೆಂಗಳೂರಲ್ಲಿ ಒಂದು ಸೈಟೋ ಫ್ಲಾಟೋ ಇದ್ದವರ ಗೂಗಲ್ ಡ್ರೈವ್‌ನಲ್ಲಿ ಇವುಗಳ ಸ್ಕ್ಯಾನ್ ಪ್ರತಿಗಳು ಇದ್ದೇ ಇರುತ್ತವೆ, ಅದೂ ಯಾವ ಬೀಗವಿಲ್ಲದೆ. ಮೇಲ್ ಖಾತೆ ಕೈತಪ್ಪಿದರೆ ಅವೂ ಹೋದಂತೆಯೇ. ಫೈಲುಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಗೂಢಲಿಪಿಗೆ ತಿರುಗಿಸಿ, ಆಮೇಲೆ ಕ್ಲೌಡ್‌ಗೆ ಬಿಡುವುದು ಇದಕ್ಕೆ ಪರಿಹಾರ. ಮನೆಬಳಕೆಗೆ ಕ್ರಿಪ್ಟೊಮೇಟರ್ ಎಂಬ ತಂತ್ರಾಂಶ ಒಳ್ಳೆಯದು. ಅದು ಪ್ರತಿ ಫೈಲನ್ನೂ ಬೇರೆಬೇರೆಯಾಗಿ ಗೂಢೀಕರಿಸುತ್ತದೆ. ಒಂದು ಪುಟ ಬದಲಾದರೆ ಆ ಫೈಲು ಮಾತ್ರ ಅಪ್‌ಲೋಡ್ ಆಗುತ್ತದೆ.

ಗೂಗಲ್ ಡ್ರೈವ್‌ನ ಸಿಂಕ್ ಫೋಲ್ಡರಿನೊಳಗೆ, ಅಂದರೆ ತಾನಾಗಿ ಕ್ಲೌಡ್‌ಗೆ ನಕಲಾಗುವ ಫೋಲ್ಡರಿನೊಳಗೆ, ಕ್ರಿಪ್ಟೊಮೇಟರಿನಿಂದ ಹೊಸ ವಾಲ್ಟ್ (ಬೀಗವಿರುವ ಫೋಲ್ಡರ್) ಮಾಡಿ. ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳು ಸಾಕು. ರಿಕವರಿ ಕೀ ಬೇಕೇ ಎಂದು ಕೇಳಿದಾಗ ಬೇಕು ಎನ್ನಿ. 44 ಇಂಗ್ಲಿಷ್ ಪದಗಳು ಬರುತ್ತವೆ. ಅವನ್ನು ಕಾಗದದ ಮೇಲೆ ಬರೆದು ಮೂಲ ಕ್ರಯಪತ್ರದ ಜೊತೆಗೇ ಇಡಿ. ಪಾಸ್‌ವರ್ಡ್ ಮರೆತು ಇದೂ ಇಲ್ಲದಿದ್ದರೆ ಫೈಲುಗಳನ್ನು ಯಾರಿಂದಲೂ ತೆರೆಯಲಾಗದು.

ವಾಲ್ಟ್ ತೆರೆದಾಗ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಹಾಕಿದಂತೆ ಹೊಸ ಡ್ರೈವ್ ಒಂದು ಕಾಣಿಸುತ್ತದೆ. ಕೆಲಸವೆಲ್ಲ ಅಲ್ಲೇ. ಸಿಂಕ್ ಫೋಲ್ಡರಿನಲ್ಲಿ ಕಾಣುವ ಅರ್ಥವಿಲ್ಲದ ಹೆಸರಿನ ಫೈಲುಗಳನ್ನು ಮುಟ್ಟಬೇಡಿ, ಹೆಸರು ಬದಲಿಸಬೇಡಿ. ತೆರೆದ ಡ್ರೈವನ್ನೇ ಸಿಂಕ್‌ಗೆ ಸೇರಿಸುವ ತಪ್ಪನ್ನಂತೂ ಮಾಡಲೇಬೇಡಿ: ಬೀಗವಿಲ್ಲದ ಪ್ರತಿಯೇ ಮೇಲೆ ಹೋಗುತ್ತದೆ. ವಾಲ್ಟ್ ಫೋಲ್ಡರ್ ಪೂರ್ತಿಯಾಗಿ ನಿಮ್ಮ ಡಿಸ್ಕ್‌ನಲ್ಲೇ ಇರಲಿ. ಗೂಗಲ್ ಡ್ರೈವ್‌ನಲ್ಲಿ ಸ್ಟ್ರೀಮ್ ಬದಲು ಮಿರರ್ ಆರಿಸಿಕೊಳ್ಳಿ. ಇಲ್ಲವಾದರೆ ಇಂಟರ್ನೆಟ್ ಹೋದ ಹೊತ್ತಿಗೆ ಫೈಲು ತೆರೆಯುವುದಿಲ್ಲ.

ಹೆಚ್ಚಿನ ತೊಂದರೆ ಬರುವುದು ಅವಸರದಿಂದ. ಮನೆಯ ಕಂಪ್ಯೂಟರಿನಲ್ಲಿ ಬದಲಿಸಿದ ಫೈಲು ಮೇಲೆ ತಲುಪುವ ಮುಂಚೆ ಲ್ಯಾಪ್‌ಟಾಪಿನಲ್ಲಿ ಅದನ್ನೇ ತಿದ್ದಿದರೆ ಎರಡು ಪ್ರತಿ ಹುಟ್ಟುತ್ತವೆ. ಫೈಲು ಮುಚ್ಚಿ, ವಾಲ್ಟ್‌ಗೆ ಬೀಗ ಹಾಕಿ, ಸಿಂಕ್ ಮುಗಿದ ಗುರುತು ಬಂದ ಮೇಲೆ ಕಂಪ್ಯೂಟರ್ ಆಫ್ ಮಾಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಇನ್ನೊಂದು ಅಪಾಯವಿದೆ. ಫೈಲಿನ ಒಳಭಾಗವನ್ನು 32 ಕೆಬಿ ತುಂಡುಗಳಾಗಿ ಗೂಢೀಕರಿಸಿ, ಪ್ರತಿ ತುಂಡಿಗೂ ಅದು ಕೆಟ್ಟಿಲ್ಲವೆಂದು ತಾಳೆ ನೋಡುವ ಒಂದು ಮುದ್ರೆ ಹಾಕಲಾಗುತ್ತದೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಮುದ್ರೆ ಹೊಂದದೆ ಆ ತುಂಡು ಓದಲು ಬಾರದಂತಾಗಬಹುದು. ಆಗ ಗೂಗಲ್ ಡ್ರೈವ್‌ನಲ್ಲಿರುವ ಆ ಫೈಲಿನ ಹಳೆಯ ಆವೃತ್ತಿಯನ್ನು ಮರಳಿ ತರಬೇಕು. ಹೆಸರೆಲ್ಲ ಕಲಸಿರುವುದರಿಂದ ಯಾವುದು ನಿಮ್ಮ ಫೈಲು ಎಂದು ತಿಳಿಯದು. ಡೆಸ್ಕ್‌ಟಾಪ್ ಕ್ರಿಪ್ಟೊಮೇಟರಿನಲ್ಲಿ ಗೂಢೀಕೃತ ಫೈಲನ್ನು ಹುಡುಕಿಕೊಡುವ ಗುಂಡಿ ಇದೆ, ಅದನ್ನು ಬಳಸಿ.

ಕನ್ನಡದಲ್ಲಿ ಹೆಸರಿಡುವವರು ಗಮನಿಸಬೇಕಾದ್ದು: ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮ ಅಕ್ಷರ, ಸ್ವರಚಿಹ್ನೆ, ಒತ್ತಿನ ಹಲಂತ ಪ್ರತಿಯೊಂದಕ್ಕೂ 3 ಬೈಟ್ ಬೇಕು. ‘ಕ್ರಯಪತ್ರ’ ಎಂಬುದೇ 24 ಬೈಟ್. ಗೂಢೀಕರಿಸಿದಾಗ ಹೆಸರು ಇನ್ನೂ ಉದ್ದವಾಗುತ್ತದೆ. ಅದು 220 ಅಕ್ಷರ ದಾಟಿದರೆ ಕ್ರಿಪ್ಟೊಮೇಟರ್ ಮೊಟಕು ಹೆಸರು ಕೊಟ್ಟು, ಉದ್ದನೆಯದನ್ನು ಪ್ರತ್ಯೇಕ ಫೈಲಿನಲ್ಲಿ ಬರೆದಿಡುತ್ತದೆ. ಸಿಂಕ್ ಆಗಬೇಕಾದ ತುಣುಕುಗಳು ಆಗ ಹೆಚ್ಚುತ್ತವೆ. ಹೆಸರು ಚಿಕ್ಕದಿರಲಿ.

ವೆರಾಕ್ರಿಪ್ಟ್ ಕೂಡ ಗಟ್ಟಿ ಸಾಧನವೇ, ಆದರೆ ಅದರ ಕಂಟೇನರ್ (ಎಲ್ಲ ಕಡತಗಳನ್ನೂ ತುಂಬಿಡುವ ಡಬ್ಬಿ) ಒಂದೇ ದೊಡ್ಡ ಫೈಲು. ಒಳಗೆ ಬದಲಾವಣೆ ಮಾಡಿದರೂ ಆ ಫೈಲಿನ ದಿನಾಂಕವನ್ನು ಅದು ಮೊದಲಿನಂತೆಯೇ ಉಳಿಸುತ್ತದೆ. ಹಾಗಾಗಿ ಸಿಂಕ್ ತಂತ್ರಾಂಶಕ್ಕೆ ಬದಲಾವಣೆ ಗೊತ್ತಾಗದೇ ಹೋಗಬಹುದು. ಬಳಸುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಹೀಗೆ ದಿನಾಂಕ ಉಳಿಸುವ ಆಯ್ಕೆಯನ್ನು ತೆಗೆಯಿರಿ.

ಯಾವ ಫೈಲು ಎಷ್ಟು ದೊಡ್ಡದು, ಯಾವಾಗ ಬದಲಾಯಿತು ಎಂಬುದು ಕ್ಲೌಡ್ ಕಂಪನಿಗೆ ಕಾಣುತ್ತಲೇ ಇರುತ್ತದೆ. ಮನೆಪತ್ರಗಳ ಮಟ್ಟಿಗೆ ಇದರಿಂದ ತೊಂದರೆಯಿಲ್ಲ.

ಕೊನೆಗೆ ಹಳೆಯ ಪ್ರತಿಗಳು. ಮೊದಲು ಫೋನಿನ ಆ್ಯಪ್‌ನಲ್ಲಿ ವಾಲ್ಟ್ ತೆರೆದು ಎರಡು ಮೂರು ಫೈಲು ಓದಿ ನೋಡಿ. ಸರಿ ಇದ್ದರೆ ಬೀಗವಿಲ್ಲದ ಪ್ರತಿಗಳನ್ನು ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ. ಇಲ್ಲದಿದ್ದರೆ ಗೂಗಲ್ ಡ್ರೈವ್‌ನಲ್ಲಿ ಅವು 30 ದಿನ ಅಲ್ಲೇ ಇರುತ್ತವೆ. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿದ್ದು, ಬ್ರೋಕರ್‌ಗೆ ಮೇಲ್ ಮಾಡಿದ್ದು ಇವನ್ನೂ ಹುಡುಕಿ ಅಳಿಸಿ.