ಊಟದ ಹೊತ್ತಿನ ರಸ್ತೆ: ಸೆಲೆ–ಲೊಟ್ ಕಣಿವೆಯಲ್ಲಿ ಸದ್ದಿಲ್ಲದ ನೂರು ಕಿಲೋಮೀಟರ್

"ಕಣಿವೆಯಲ್ಲಿ ಇರೋದೇ ಒಂದು ರಸ್ತೆ. ಕಾರು, ಲಾರಿ, ಕ್ಯಾಂಪರ್ ವ್ಯಾನು ಎಲ್ಲ ಅದರಲ್ಲೇ. ಸದ್ದು ಬೇಡ ಅಂದ್ರೆ ಮೇಲೆ ಹತ್ತಿ ಬಯಲಿಗೆ ಹೋಗು." ನೈಋತ್ಯ ಫ್ರಾನ್ಸಿನ ಲೊಟ್ ಪ್ರಾಂತ್ಯದಲ್ಲಿ ಸೈಕಲ್ ತುಳಿದವರೆಲ್ಲ ನನಗೆ ಹೇಳಿದ್ದು ಇದೇ ಮಾತು. ಈಗ ಫಿಜಾಕ್ ಎಂಬ ಊರಿನಿಂದ ಹೊರಟು ಸೆಲೆ ನದಿಗುಂಟ ಇಳಿದು, ಲೊಟ್ ನದಿಗುಂಟ ವಾಪಸ್ ಬರುವ ನೂರು ಕಿ.ಮೀ. ಸುತ್ತಿನಲ್ಲಿ ನನ್ನನ್ನು ಹಿಂದಿನಿಂದ ದಾಟಿದ ವಾಹನಗಳು ಅರವತ್ತು ಎಪ್ಪತ್ತು, ಅಷ್ಟೇ. ಇದೇ ಸುತ್ತನ್ನು ಮೊದಲು ಹಾಕಿದಾಗ ಎಣಿಕೆ ನಾನೂರು ದಾಟಿತ್ತು. ಎಣಿಸಲು ಬಳಸಿದ್ದು ಬೆರಳಿಗೆ ಹಾಕುವ ಜಪದ ಕೌಂಟರ್. ಹ್ಯಾಂಡಲ್‌ಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದರೆ ಹೆಬ್ಬೆರಳಿಗೆ ಸರಿಯಾಗಿ ಸಿಗುತ್ತದೆ, ಸೈಕಲ್ ಕಂಪ್ಯೂಟರಿನ ಯಾವ ಗುಂಡಿಗಿಂತಲೂ ವಾಸಿ.

ರಸ್ತೆ ಹೆಚ್ಚು ಬದಲಾಗಲಿಲ್ಲ. ಬದಲಾದದ್ದು ಯಾವ ತುಂಡಿನ ಮೇಲೆ ಎಷ್ಟು ಹೊತ್ತಿಗೆ ಇರುತ್ತೇನೆ ಎಂಬುದು.

ಮೊದಲು ದುಡ್ಡು ಹಾಳಾದ ಲೆಕ್ಕ. ಐದು ಸಲದ ಪ್ರಯತ್ನ, ರೈಲು, ವಸತಿ, ಟಯರು ಎಲ್ಲ ಸೇರಿ 700 ಯೂರೋ ಹತ್ತಿರ. ಯೂರೋಗೆ 90 ರೂಪಾಯಿ ಹಿಡಿದರೂ ಅರವತ್ತು ಸಾವಿರದ ಮೇಲೆ.

ಒಂದನೇ ತಪ್ಪು, ದಾರಿ ಹಾಕುವ ಆ್ಯಪನ್ನು ನಂಬಿದ್ದು. ರೋಡ್ ಬೈಕ್ ಎಂದು ಆರಿಸಿದರೂ ಅದು ಸೆಲೆ ಕಣಿವೆಯಲ್ಲಿ ಜಿಆರ್ 651 ಎಂಬ ಕಾಲುದಾರಿಗೆ ಹತ್ತಿಸಿತು. ಅದು ಸಂತ ಯಾಕೋಬನ ಯಾತ್ರಿಕರು ನಡೆಯುವ ದಾರಿಯ ಒಂದು ಕವಲು. ಮುಷ್ಟಿ ಗಾತ್ರದ ಸುಣ್ಣದ ಕಲ್ಲು, 28 ಎಂಎಂ ಟಯರು. ಎರಡು ಪಂಚರ್, ಪಕ್ಕದ ಗೋಡೆ ಸೀಳಿದ ಒಂದು ಟಯರು.

ಎರಡನೆಯದು, ಸವಾರರ ಹೀಟ್‌ಮ್ಯಾಪ್, ಅಂದರೆ ಸೈಕಲ್ಲಿನವರು ಹೆಚ್ಚು ಓಡಾಡಿದ ರಸ್ತೆಯನ್ನು ದಪ್ಪ ಗೆರೆಯಲ್ಲಿ ತೋರಿಸುವ ನಕ್ಷೆ. ಗೆರೆ ದಪ್ಪಗೆ ಕೆಂಪಗಿದ್ದರೆ ಸೈಕಲ್ಲಿಗೆ ಒಳ್ಳೆಯ ರಸ್ತೆ ಎಂದುಕೊಂಡಿದ್ದೆ. ಆದರೆ ಅಲ್ಲಿನ ಕ್ಲಬ್ಬಿನವರು ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಗುಂಪಾಗಿ ದೊಡ್ಡ ರಸ್ತೆಯಲ್ಲೇ ಹೋಗುತ್ತಾರೆ. ಆ ದಿನ ಭಾರಿ ಲಾರಿಗಳಿಗೆ ನಿಷೇಧ. ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ 10ರವರೆಗೆ 7.5 ಟನ್ನಿನ ಮೇಲಿನವು ಓಡುವಂತಿಲ್ಲ. ಮಂಗಳವಾರ ಒಬ್ಬರೇ ಹೋದರೆ ಅದೇ ರಸ್ತೆ ಬೇರೆಯೇ ಆಗಿರುತ್ತದೆ.

ಮೂರನೆಯದು, ಮಿಷಲಾನ್ ನಕ್ಷೆ ಬಿಳಿ ಬಣ್ಣದಲ್ಲಿ ತೋರಿಸುವ ಸಣ್ಣ ರಸ್ತೆಗಳನ್ನೇ ಹಿಡಿದು ಮೇಲಿನ ಸುಣ್ಣಕಲ್ಲಿನ ಬಯಲಿಗೆ ಹೋದದ್ದು. ಸದ್ದು ಇಲ್ಲವೇ ಇಲ್ಲ, ನಿಜ. ನೀರೂ ಇಲ್ಲ. ಸುಣ್ಣಕಲ್ಲು ಮಳೆನೀರನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, 25 ಕಿ.ಮೀ. ಹೋದರೂ ನಲ್ಲಿ ಸಿಗದ ಜಾಗಗಳಿವೆ. ಮೇಲಾಗಿ ಕಣಿವೆಯಿಂದ ಪ್ರತಿಸಲ ಹತ್ತುವುದು 150–200 ಮೀಟರ್. ನಕ್ಷೆಯಲ್ಲಿ ಬಾಣದ ಗುರುತು ಒಂದಿದ್ದರೆ 5ರಿಂದ 9 ಶೇಕಡಾ, ಎರಡಿದ್ದರೆ 13ರವರೆಗೆ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದರೆ ನದಿ ನೋಡಲು ಬಂದದ್ದೇ ಮರೆತುಹೋಗುತ್ತದೆ.

ನಾಲ್ಕನೆಯದು ಸ್ವಲ್ಪ ಜಾಣ ತಪ್ಪು. ಫ್ರಾನ್ಸಿನ ಪ್ರಾಂತ್ಯಗಳು ತಮ್ಮ ರಸ್ತೆಗಳ ವಾಹನ ಎಣಿಕೆಯ ನಕ್ಷೆ ಪ್ರಕಟಿಸುತ್ತವೆ. ಟಿಎಂಜೆಎ ಎಂದು ಬರೆದಿರುತ್ತದೆ, ಅಂದರೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಎಷ್ಟು ವಾಹನ. ನನ್ನ ಮಿತಿ ಹೀಗೆ: 500ರ ಕೆಳಗೆ ಯಾವಾಗ ಬೇಕಾದರೂ, 500ರಿಂದ 1500 ಹೊತ್ತು ನೋಡಿ, 2000ದ ಮೇಲೆ ಊಟದ ಹೊತ್ತಿನಲ್ಲಿ ಮಾತ್ರ. ಆದರೆ ವರ್ಷದ ಸರಾಸರಿ ಎಂಬುದು ಜುಲೈ–ಆಗಸ್ಟನ್ನು ಮುಚ್ಚಿಡುತ್ತದೆ. ಸೆಲೆ ಕಣಿವೆಯಲ್ಲಿ ಬೇಸಿಗೆ ಬಂತೆಂದರೆ ದೋಣಿ ಬಾಡಿಗೆಯವರ ಮಿನಿಬಸ್ಸು, ಹಿಂದೆ ದೋಣಿ ಹೇರಿದ ಟ್ರೇಲರ್. ಬಸ್ಸು ನಿಮ್ಮಿಂದ ಕಾನೂನು ಹೇಳುವ ಒಂದೂವರೆ ಮೀಟರ್ ದೂರದಲ್ಲೇ ದಾಟುತ್ತದೆ, ತಿರುವಿನಲ್ಲಿ ಟ್ರೇಲರ್ ಒಳಕ್ಕೆ ಬರುತ್ತದೆ. ಬೆಳಿಗ್ಗೆ ಹತ್ತರ ಆಸುಪಾಸು ಮತ್ತು ಸಂಜೆ ನಾಲ್ಕೈದರ ನಡುವೆ ಅವುಗಳ ಸಾಲು. ಈ ತಪ್ಪಿನಿಂದಲೇ ಗಡಿಯಾರದ ಯೋಚನೆ ಹುಟ್ಟಿದ್ದು.

ಫ್ರಾನ್ಸಿನ ಹಳ್ಳಿಗಾಡಿನಲ್ಲಿ 12ರಿಂದ 2ರವರೆಗೆ ಊಟ. ಅಂಗಡಿ ಮುಚ್ಚುತ್ತದೆ, ರಿಪೇರಿಯವನ ವ್ಯಾನು ನಿಲ್ಲುತ್ತದೆ, ಲಾರಿಯವರು ಊಟದ ಮನೆಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ಬೆಂಗಳೂರಿನಲ್ಲಿ ತುಳಿದು ಬಂದವರಿಗೆ ಇದನ್ನು ಹೇಳಿದರೆ ನಗುತ್ತಾರೆ, ಮಧ್ಯಾಹ್ನ ರಸ್ತೆ ಖಾಲಿ ಇರುತ್ತದಾ ಅಂತ. ನಗಲಿ. ಹಾಗಾಗಿ ಸುತ್ತಿನ ಅತಿ ಕೆಟ್ಟ ತುಂಡನ್ನು ಗುರುತಿಸಿ ಅದನ್ನು ಊಟದ ಹೊತ್ತಿಗೆ ಕೂರಿಸಬೇಕು. ಉಳಿದದ್ದೆಲ್ಲ ಅಲ್ಲಿಂದ ಹಿಂದಕ್ಕೆ ಲೆಕ್ಕ. ಕೆಟ್ಟ ತುಂಡು ಯಾವುದೆಂದರೆ ಕಾಜಾರ್ಕ್‌ನಿಂದ ಫಿಜಾಕ್‌ಗೆ ಬರುವ ಡಿ 662 (ಡಿ ಎಂದರೆ ಪ್ರಾಂತ್ಯದ ರಸ್ತೆ), ಸುಮಾರು 25 ಕಿ.ಮೀ.

ಹೊರಡುವುದು ಫಿಜಾಕ್‌ನಿಂದ ಬೆಳಿಗ್ಗೆ ಆರೂವರೆ. ಊರು ಬಿಡುವ ಮೊದಲ ಐದಾರು ಕಿ.ಮೀ. ಕೆಲಸಕ್ಕೆ ಹೋಗುವವರ ರಸ್ತೆ. ಏಳೂವರೆ ಆದರೆ ಕೆಟ್ಟಿತು. ಆಮೇಲೆ ಡಿ 41 ಸಿಕ್ಕಿದರೆ ಕೊನೆಯವರೆಗೂ ಅದೇ. ಕೋರ್ನ್, ಎಸ್ಪನ್ಯಾಕ್, ಬ್ರೆಂಗ್, ಮಾರ್ಸಿಯಾಕ್, ಸೋಲಿಯಾಕ್, ಕಾಬ್ರರೆ, ಕೊನೆಗೆ ಸೆಲೆ ಲೊಟ್‌ಗೆ ಸೇರುವ ಕಾಂದುಶೆ. ಒಟ್ಟು 45 ಕಿ.ಮೀ. ಚಿಲ್ಲರೆ. (ನದಿಗೆ ಸೆಲೆ ಎಂದು ಹೆಸರಿಟ್ಟವರಿಗೆ ಕನ್ನಡ ಗೊತ್ತಿರಲಿಲ್ಲ, ಆದರೂ ಒಪ್ಪುತ್ತದೆ.) ನದಿ ಇಳಿಯುತ್ತದೆಯೆಂದು ಆರಾಮ ಎಂದುಕೊಳ್ಳಬೇಡಿ. ಇಡೀ ದೂರಕ್ಕೆ ಇಳಿತ ನೂರು ಮೀಟರೂ ಇಲ್ಲ, ರಸ್ತೆ ಬಂಡೆಯ ಬುಡದಲ್ಲಿ ಹತ್ತಿ ಇಳಿಯುತ್ತಲೇ ಇರುತ್ತದೆ. ಇಳಿತಕ್ಕಿಂತ ಗಾಳಿ ಮುಖ್ಯ. ಕಣಿವೆ ನೈಋತ್ಯಕ್ಕೆ ತೆರೆದುಕೊಂಡಿದೆ, ಪಶ್ಚಿಮದ ಗಾಳಿ ಎದ್ದರೆ ಎದೆಗೇ. ಬೆಳಿಗ್ಗೆ ಗಾಳಿ ಇನ್ನೂ ಎದ್ದಿರುವುದಿಲ್ಲ. ಮಧ್ಯಾಹ್ನ ಎದ್ದಾಗ ನಾವು ಲೊಟ್ ಕಣಿವೆಯಲ್ಲಿ ಪೂರ್ವಕ್ಕೆ ಹೋಗುತ್ತಿರುತ್ತೇವೆ, ಬೆನ್ನಿಗೆ ಸಿಗುತ್ತದೆ. ಸುತ್ತನ್ನು ಉಲ್ಟಾ ಹಾಕಿದವರು ಇದೇ ಕಾರಣಕ್ಕೆ ಬೈದುಕೊಂಡು ಬರುತ್ತಾರೆ.

ಕಾಬ್ರರೆ ಹತ್ತಿರ ಬಂಡೆ ರಸ್ತೆಯ ಮೇಲೆಯೇ ಬಾಗಿದೆ. ಮಳೆಯಾದ ಮರುದಿನ ಅಲ್ಲಿ ಚೂಪು ಚೂರುಗಳು ಬಿದ್ದಿರುತ್ತವೆ. ಬಲ ಅಂಚು ಬಿಟ್ಟು ಒಂದು ಮೀಟರ್ ಒಳಗೆ ತುಳಿಯಿರಿ. ಮೇಲೆ ಪೆಶ್ ಮೆರ್ಲ್ ಗುಹೆ ಇದೆ, 1922ರಲ್ಲಿ ಸಿಕ್ಕಿದ್ದು, ಚುಕ್ಕೆ ಕುದುರೆಗಳ ಆದಿಮಾನವರ ಚಿತ್ರಗಳು. ದಿನಕ್ಕೆ ಬಿಡುವುದು 700 ಜನರನ್ನು ಮಾತ್ರ, ಅವರೆಲ್ಲ ಕಾರಿನಲ್ಲೇ ಬರುತ್ತಾರೆ. ಎಂಟೂವರೆಗೆ ಕಾಬ್ರರೆ ದಾಟಿದರೆ ಅವರ ಗೊಡವೆ ಇಲ್ಲ. ಗುಹೆ ನೋಡಬೇಕಿದ್ದರೆ ಅದಕ್ಕೆ ಬೇರೆ ದಿನ ಇಡಿ.

ಕಾಂದುಶೆಯಿಂದ ಡಿ 662ರಲ್ಲಿ ಚೂರು ಹೋಗಿ ಬೂಜಿಯೆಸ್ ಸೇತುವೆಯಲ್ಲಿ ಎಡದಡಕ್ಕೆ ದಾಟಬೇಕು. ಎಲ್ಲರೂ ತಪ್ಪುವುದು ಇಲ್ಲೇ. ನೇರ ಹೋಗುವುದು ಸಪಾಟು, ದಾಟಿದರೆ ಏರು. ಹಾಗಾಗಿ ನೇರ ಹೋಗುತ್ತಾರೆ. ಆದರೆ ಕಾರಿನವರೂ ಹಾಗೇ ಯೋಚಿಸುತ್ತಾರಲ್ಲ! ಎರಡು ದಡದಲ್ಲೂ ರಸ್ತೆಯಿದ್ದರೆ ದೊಡ್ಡ ಊರುಗಳನ್ನು ಜೋಡಿಸುವ ದಡ ಕಾರಿನವರದ್ದು, ಕಡಿದು ಕಡಿದು ಹೋಗುವ ದಡ ನಮ್ಮದು. ಡಿ 40 ಕಿರಿದು, ಐದು ಕಿ.ಮೀ.ಯಲ್ಲಿ ನೂರು ಮೀಟರಿಗೂ ಮೇಲೆ ಹತ್ತಿಸಿ ಸಾನ್-ಸೀರ್-ಲಾಪೊಪಿಗೆ ಬಿಡುತ್ತದೆ. ಈ ಊರು 2012ರಲ್ಲಿ ಫ್ರೆಂಚರ ಮೆಚ್ಚಿನ ಹಳ್ಳಿ ಎಂದು ಆಯ್ಕೆಯಾಗಿದೆ, ಪಾರ್ಕಿಂಗ್ ಹುಡುಕುವ ಕಾರುಗಳೇ ಇಲ್ಲಿನ ಕಾಟ. ಒಂಬತ್ತೂಕಾಲಿಗೆ ಅಲ್ಲಿದ್ದರೆ ಬೆಕ್ಕುಗಳು ಮಾತ್ರ. ಹತ್ತೂವರೆಗೆ ಹೋದರೆ ಕಾಲೂರಿ ನಿಲ್ಲಬೇಕು. ತಡವಾಗಿದ್ದರೆ ಊರೊಳಗೆ ಹೋಗಲೇಬೇಡಿ.

ಆಮೇಲೆ ಇಳಿದು ಮತ್ತೆ ಎಡದಡವೇ: ಡಿ 8, ಕ್ರೆಗೊಲ್, ಸೇನೆವ್ಯೆರ್ ಕೋಟೆ, ಕಾಲ್ವಿನ್ಯಾಕ್. ಬಹುಪಾಲು ನಡುಗೆರೆ ಇಲ್ಲದ ರಸ್ತೆ. ಸ್ಟ್ರೀಟ್ ವ್ಯೂನಲ್ಲಿ ನಾನು ಮೊದಲು ನೋಡುವುದೇ ಇದನ್ನು. ನಡುಗೆರೆ ಇದ್ದರೆ ಎರಡು ವಾಹನ ವೇಗವಾಗಿ ಎದುರುಬದುರು ದಾಟುವ ಅಗಲ ಇದೆ ಎಂದರ್ಥ. ಗೆರೆ ಇಲ್ಲದಿದ್ದರೆ ಚಾಲಕ ತಾನೇ ನಿಧಾನ ಮಾಡುತ್ತಾನೆ. ನಡುವೆ ಹುಲ್ಲು ಬೆಳೆದಿದ್ದರೆ ಸದ್ದು ಇಲ್ಲ, ಆದರೆ ಡಾಂಬರೂ ಅಷ್ಟಕ್ಕಷ್ಟೇ. ಸಾನ್-ಸೀರ್‌ನಿಂದ ಕಾಜಾರ್ಕ್ 25 ಕಿ.ಮೀ. ಇರಬಹುದು, ಎರಡು ಮೂರು ಗಟ್ಟಿ ಏರು. ಬಂಡೆ ನದಿಗೆ ತಾಗುವ ಕಡೆಯೆಲ್ಲ ರಸ್ತೆ ಮೇಲೆ ಹತ್ತುತ್ತದೆ, ತಪ್ಪಿಸಲಾಗದು. ಹಿಂದೆ 32 ಹಲ್ಲಿನ ಗೇರು ಸಾಕು.

ಕಾಜಾರ್ಕ್‌ಗೆ ಹನ್ನೊಂದು, ಹನ್ನೊಂದೂಕಾಲು. ಬ್ರೆಡ್ ಅಂಗಡಿ ಹನ್ನೆರಡೂವರೆಗೆ ಬಾಗಿಲು ಹಾಕುವ ಮೊದಲೇ ಕೆಲಸ ಮುಗಿಸಬೇಕು, ಸೋಮವಾರವಾದರೆ ತೆರೆದೇ ಇರುವುದಿಲ್ಲ ಎಂದುಕೊಳ್ಳಿ. 12.15ಕ್ಕೆ ಡಿ 662 ಹತ್ತಿದರೆ ಆ 25 ಕಿ.ಮೀ.ಯಲ್ಲಿ ನನ್ನ ಎಣಿಕೆ ಹದಿನೈದರಿಂದ ಇಪ್ಪತ್ತು. ಅದೇ ರಸ್ತೆಯಲ್ಲಿ ಸಂಜೆ ಐದಕ್ಕೆ ನೂರೈವತ್ತು ಎಣಿಸಿದ್ದೇನೆ. ಕೊನೆಯ ಏರು ಫೇಸೆಲ್ ಊರಿಗೆ, ಅಲ್ಲಿಂದ ಫಿಜಾಕ್‌ಗೆ ಇಳಿಜಾರು. ಒಟ್ಟು ಏರು 900–1000 ಮೀಟರ್. ಫೇಸೆಲ್ ಏರನ್ನೂ ತಪ್ಪಿಸದೆ, ಆದರೆ ಡಿ 662ರ ಕೊನೆಯ ಅರ್ಧವನ್ನು ಪೂರ್ತಿ ತಪ್ಪಿಸುವ ಒಂದು ಬಿಳಿ ರಸ್ತೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಡುಗೆರೆ ಹುಡುಕುವ ಕೆಲಸ ಹೇಳಿಕೊಟ್ಟಾಯಿತಲ್ಲ, ಹುಡುಕಿಕೊಳ್ಳಿ.

ಈ ಲೆಕ್ಕ ಮೇ ಕೊನೆಯಿಂದ ಜೂನ್, ಮತ್ತೆ ಸೆಪ್ಟೆಂಬರ್ ಮೊದಲ ಪಕ್ಷಕ್ಕೆ ಸರಿ. ಜುಲೈನಲ್ಲಿ ಮಧ್ಯಾಹ್ನ 38 ಡಿಗ್ರಿಗೆ ಹೋಗುವ ದಿನಗಳಿವೆ, ಊಟದ ಹೊತ್ತಿನ ಉಪಾಯ ತಲೆಗೆ ಹೊಡೆಯುತ್ತದೆ. ಅಕ್ಟೋಬರಿನಲ್ಲಿ ನದಿಯ ಮಂಜು ಹತ್ತು ಗಂಟೆಯಾದರೂ ಬಿಡದು. ಊರಾಚೆ ಬೆಳಕು ಸಾಲದಿದ್ದರೆ ಹೊಳೆಯುವ ಜಾಕೆಟ್ ಅಲ್ಲಿ ಕಾನೂನೇ. ವಾರದಲ್ಲಿ ಮಂಗಳ, ಬುಧ, ಗುರು. ಭಾನುವಾರ ಲಾರಿ ಇಲ್ಲದಿದ್ದರೇನು, ತಿರುವು ಹುಡುಕಿಕೊಂಡು ಬರುವ ಮೋಟಾರ್ ಬೈಕ್ ಗುಂಪುಗಳಿವೆ.

ಟಯರು ಬದಲಿಸಿಯೂ ಪ್ರಯೋಗ ಮಾಡಿದೆ, ಕಾರಣ ಅಲ್ಲಿನ ಜಲ್ಲಿ. ಬೇಸಿಗೆಯಲ್ಲಿ ಹಳೆ ರಸ್ತೆಗೆ ಬಿಸಿ ಡಾಂಬರು ಸುರಿದು ಮೇಲೆ ಸಣ್ಣ ಜಲ್ಲಿ ಚೆಲ್ಲಿ ಬಿಡುತ್ತಾರೆ, ಕಾರುಗಳೇ ಅದನ್ನು ತುಳಿದು ಕೂರಿಸಬೇಕು. 'ಗ್ರಾವಿಯೋ' ಎಂಬ ಫಲಕ ಕಂಡರೆ ಅದೇ. ಕಾರಿನ ಚಕ್ರ ಹೋದ ಜಾಡಿನಲ್ಲಿ ಮಾತ್ರ ತುಳಿಯಿರಿ, ತಿರುವಿನೊಳಗೆ ಬ್ರೇಕ್ ಮುಟ್ಟಬೇಡಿ. ಬಿಸಿಲು ಹೆಚ್ಚಾದರೆ ಡಾಂಬರು ಬೆವರಿ ಟಯರಿಗೆ ಅಂಟುತ್ತದೆ, ಅಂಟಿಗೆ ಜಲ್ಲಿ, ಜಲ್ಲಿ ಒಳಕ್ಕೆ ಕೊರೆಯುತ್ತದೆ. ದಾಟಿದ ಕೂಡಲೇ ನಿಲ್ಲಿಸಿ ಗ್ಲೌಸಿನಿಂದ ಉಜ್ಜಿ ತೆಗೆದರೆ ಪಂಚರ್ ತಪ್ಪುತ್ತದೆ. 28 ಎಂಎಂನಲ್ಲಿ ಗಾಳಿ 85 ಪಿಎಸ್ಐ ಇಟ್ಟು ಅಂಗೈ ಜೋಮು ಹಿಡಿಸಿಕೊಂಡೆ. 32 ಎಂಎಂಗೆ 60 ಇಟ್ಟ ಮೇಲೆ (ನನ್ನ ತೂಕ 70 ಕಿಲೋ ಹತ್ತಿರ) ವೇಗ ಇಳಿಯಲಿಲ್ಲ, ಇಡೀ ಸುತ್ತಿಗೆ ಐದು ನಿಮಿಷ ಉಳಿಯಿತು. ಟ್ಯೂಬ್‌ಲೆಸ್ ಮಾಡಿಯೂ ನೋಡಿದೆ. ಜಲ್ಲಿ ಕೊರೆದ ತೂತನ್ನು ಟಯರಿನೊಳಗೆ ಹಾಕುವ ಅಂಟು ಮುಚ್ಚಿತು, ಜೆರ್ಸಿಗೆ ಚಿಮ್ಮಿದ್ದು ಹೋಗಲಿಲ್ಲ. ಬೂಜಿಯೆಸ್‌ನಿಂದ ಸಾನ್-ಸೀರ್ ಕಡೆಗೆ ಬಂಡೆಯನ್ನೇ ಕಡಿದು ಮಾಡಿದ ಹಳೆಯ ದೋಣಿ ಎಳೆಯುವ ದಾರಿಯಿದೆ. ಅದರಲ್ಲೂ 32 ಎಂಎಂ ತಳ್ಳಿ ನೋಡಿದೆ. ಅದು ನಡೆಯುವವರದ್ದು, ಕಲ್ಲು ಹಾಸು, ಸೈಕಲ್ಲಿಗೆ ಅಲ್ಲ.

ನೀರು ಸ್ಮಶಾನದಲ್ಲಿ. ಹೌದು, ಫ್ರೆಂಚ್ ಹಳ್ಳಿಯ ಸ್ಮಶಾನದಲ್ಲಿ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ. ನಮ್ಮವರು ಮೊದಲ ದಿನ ಮೂಗು ಮುರಿಯುತ್ತಾರೆ, ಎರಡನೇ ದಿನ ಅವರೇ ಶಿಲುಬೆ ಹುಡುಕುತ್ತಾರೆ. 'ನೋ ಪೊಟಾಬ್ಲ್' ಎಂದು ಬರೆದಿದ್ದರೆ ಕುಡಿಯಬೇಡಿ, ತಲೆಗೆ ಸುರಿದುಕೊಳ್ಳಿ. ತಿನ್ನುವುದಕ್ಕೆ ನಾನು ಒಯ್ಯುವುದು ತೆಳು ಅವಲಕ್ಕಿ 150 ಗ್ರಾಂ, ಉಪ್ಪು ಖಾರ ಕಲಸಿದ ಚಟ್ನಿಪುಡಿ. ಕಾಜಾರ್ಕ್‌ನಲ್ಲಿ 125 ಗ್ರಾಮಿನ ಮೊಸರು ಎರಡು ಕೊಂಡರೆ ಮೊಸರವಲಕ್ಕಿ, ಎರಡು ಯೂರೋದೊಳಗೆ ಊಟ. ಸಿಹಿ ಬ್ರೆಡ್ಡುಗಳಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಬಾಗೆತ್ ಎಂಬ ಉದ್ದ ಬ್ರೆಡ್ಡು ಮತ್ತು ಮೇಕೆ ಚೀಸಿಗೆ ನಿಲ್ಲಿ.

ಈಗಿನ ಖರ್ಚು: ತುಲೂಸ್‌ನಿಂದ ಫಿಜಾಕ್‌ಗೆ ಟಿಇಆರ್ ಎಂಬ ಪ್ರಾದೇಶಿಕ ರೈಲು ಹೋಗಿ ಬರಲು 50 ಯೂರೋ ಆಸುಪಾಸು, ಕ್ಯಾಂಪಿಂಗ್ ಜಾಗಕ್ಕೆ 12–15, ಊಟ ತಿಂಡಿ 15. ಎಂಬತ್ತರಲ್ಲಿ ಮುಗಿಯುತ್ತದೆ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ದೂರದ ಸೈಕಲ್ ಸವಾರಿಗೆಂದು ಊರಿನಿಂದ ಸೈಕಲ್ ತರುವವರು ಆ ಸವಾರಿ ಆಗಸ್ಟಿನಲ್ಲಿ ಬರುತ್ತದೆ ಎಂಬುದನ್ನು ನೆನಪಿಡಿ. ಆಗ ಕಾಜಾರ್ಕ್‌ನಲ್ಲಿ ಅರ್ಧ ಗಂಟೆ ಮಾತ್ರ ಕೂತು, ಬೆಳಿಗ್ಗೆ ಆರಕ್ಕೇ ಹೊರಟು, ಎಲ್ಲವನ್ನೂ ಮುಂದಕ್ಕೆ ಎಳೆದುಕೊಳ್ಳಿ. ಹಾಗೆ ಮಾಡಿದಾಗ ಡಿ 662ರ ಎಣಿಕೆ ನಲವತ್ತಕ್ಕೆ ಏರಿತ್ತು. ಟಿಇಆರ್‌ನಲ್ಲಿ ಸೈಕಲ್ ಕೊಕ್ಕೆಗಳು ಕೆಲವೇ. ಮಧ್ಯಾಹ್ನದ ಗಾಡಿಗೆ ಇಪ್ಪತ್ತು ನಿಮಿಷ ಮೊದಲೇ ಪ್ಲಾಟ್‌ಫಾರ್ಮಿನಲ್ಲಿರಿ.